ಮತ್ತೆ ಮರಳಿನಡಿ ಸೇರಿದ ಹಡಗು: ‘ಕ್ಲಾರೆನ್ಸ್’ ಅವಶೇಷದ ಹಿನ್ನೆಲೆ

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಪೋರ್ಟ್ ಫಿಲಿಪ್ ಕೊಲ್ಲಿಯಲ್ಲಿ, ಸೇಂಟ್ ಲಿಯೊನಾರ್ಡ್ಸ್ ಊರಿಗೆ ಸಮೀಪದಲ್ಲಿ, ಕೆಲವೇ ಮೀಟರ್ ಆಳದ ನೀರಿನಲ್ಲಿ ‘ಕ್ಲಾರೆನ್ಸ್’ ಎಂಬ ಪುಟ್ಟ ಹಾಯಿಹಡಗಿನ ಅವಶೇಷವಿದೆ. 2012ರಲ್ಲಿ ಪುರಾತತ್ತ್ವಜ್ಞರು ಅದರ ಒಂದು ಭಾಗವನ್ನು ಅಗೆದು, ಅಳತೆ ತೆಗೆದು, ದಾಖಲಿಸಿಕೊಂಡರು. ಆಮೇಲೆ ಮೇಲೆತ್ತುವ ಗೋಜಿಗೆ ಹೋಗದೆ ತಾವೇ ಅದನ್ನು ಮತ್ತೆ ಹೂತರು. ಕುರಿ ಸಾಗಿಸುವಾಗ ಮುಳುಗಿದ ಹಡಗಿಗೆ ಇಷ್ಟೊಂದು ಉಪಚಾರ ಏಕೆ ಎಂಬುದಕ್ಕೆ ಉತ್ತರ ಅದು ಹುಟ್ಟಿದ ಕಾಲದಲ್ಲೇ ಇದೆ.

ಬ್ರಿಟಿಷ್ ವಸಾಹತಾಗಿದ್ದ ನ್ಯೂ ಸೌತ್ ವೇಲ್ಸ್‌ನ ವಿಲಿಯಮ್ಸ್ ನದಿಯ ದಡದಲ್ಲಿ 1841ರಲ್ಲಿ ಕ್ಲಾರೆನ್ಸ್ ಸಿದ್ಧವಾಯಿತು. ಕಟ್ಟಿದವನು ವಿಲಿಯಂ ಲೋ. ಜೇಮ್ಸ್ ಮಾರ್ಷಲ್ ಎಂಬ ಪಾಲುದಾರನೊಂದಿಗೆ ಅವನು ಹತ್ತು ವರ್ಷ ಮೊದಲೇ ಅಲ್ಲಿ ‘ವಿಲಿಯಂ ದ ಫೋರ್ತ್’ ಎಂಬ ಉಗಿಹಡಗನ್ನು ನೀರಿಗಿಳಿಸಿದ್ದ. ಕ್ಲಾರೆನ್ಸ್ ಅದರಂತೆ ಹೆಸರು ಮಾಡಿದ ಹಡಗಲ್ಲ. 67 ಟನ್‌ಗಳ, ಎರಡು ಕೂವೆಗಳ (ಹಾಯಿಕಂಬಗಳ) ಸ್ಕೂನರ್ ಎಂಬ ಬಗೆಯ ಹಾಯಿಹಡಗು ಅಷ್ಟೆ. ಆದರೆ ಒಳನಾಡಿನ ದಾರಿಗಳು ಇಲ್ಲವೆನ್ನುವಷ್ಟು ಕಡಿಮೆಯಿದ್ದ ಆ ದಿನಗಳಲ್ಲಿ ಉಣ್ಣೆ, ಗೋಧಿ, ಮರದ ದಿಮ್ಮಿ, ಜಾನುವಾರುಗಳೆಲ್ಲ ಒಂದು ವಸತಿಯಿಂದ ಇನ್ನೊಂದಕ್ಕೆ ಸಾಗುತ್ತಿದ್ದುದು ಇಂಥ ಹಡಗುಗಳಲ್ಲೇ. 1850ರ ಸೆಪ್ಟೆಂಬರ್‌ನಲ್ಲಿ ಕುರಿಗಳನ್ನು ತುಂಬಿಕೊಂಡು ದಕ್ಷಿಣದ ಟಾಸ್ಮೇನಿಯಾ ದ್ವೀಪದ ಹೋಬಾರ್ಟ್‌ಗೆ ಹೊರಟಿದ್ದ ಕ್ಲಾರೆನ್ಸ್, ಕೊಲ್ಲಿಯನ್ನು ದಾಟುವ ಮೊದಲೇ ಮರಳುದಿಬ್ಬಕ್ಕೆ ಸಿಲುಕಿ ನಾಶವಾಯಿತು. ವಿಕ್ಟೋರಿಯಾ ಪ್ರತ್ಯೇಕ ವಸಾಹತು ಎನಿಸಿಕೊಂಡದ್ದು ಅದರ ಮರುವರ್ಷ.

ಹಡಗು ಕಟ್ಟುವ ಸಣ್ಣ ಕಟ್ಟೆಗಳ ಕುಶಲಕರ್ಮಿಗಳು ಸಾಮಾನ್ಯವಾಗಿ ನಕ್ಷೆ ಬರೆದು ಹಡಗು ಕಟ್ಟುತ್ತಿರಲಿಲ್ಲ. ಕಣ್ಣಳತೆ, ಕೈರೂಢಿ, ಹೆಚ್ಚೆಂದರೆ ಮರದ ಒಂದು ಚಿಕ್ಕ ಮಾದರಿ, ಇಷ್ಟೇ ಅವರ ಆಧಾರ. ಬ್ರಿಟನ್ನಿನಲ್ಲಿ ಕಲಿತ ಕಸುಬನ್ನು ಅವರು ಅಪರಿಚಿತ ಕಾಡಿನ ಗಟ್ಟಿಮರಕ್ಕೆ ಹೇಗೆ ಒಗ್ಗಿಸಿದರು, ಎಲ್ಲಿ ಮೊಳೆ ಉಳಿಸಿದರು, ಎಲ್ಲಿ ಅವಸರ ಮಾಡಿದರು ಎಂಬುದನ್ನು ನೋಂದಣಿ ಪುಸ್ತಕಗಳು ಹೇಳುವುದಿಲ್ಲ. ಅದನ್ನು ಹೇಳಬಲ್ಲದ್ದು ಹಡಗಿನ ಹೊಟ್ಟೆಯ ಪಕ್ಕೆ-ಹಲಗೆಗಳು ಮಾತ್ರ, ಅವೂ ಉಳಿದಿದ್ದರೆ.

ಕ್ಲಾರೆನ್ಸ್‌ನಲ್ಲಿ ಅವು ಉಳಿದಿದ್ದವು. ಮರಳಿನ ಆಳದಲ್ಲಿ ಆಮ್ಲಜನಕ ತೀರಾ ಕಡಿಮೆಯಿರುವುದರಿಂದ ಮರ ಕೊರೆಯುವ ಹಡಗುಹುಳು ಅಲ್ಲಿ ಬದುಕಲಾರದು; ಹೂತುಹೋದ ಮರ ಶತಮಾನ ಕಳೆದರೂ ಗಟ್ಟಿಯಾಗಿರುತ್ತದೆ. ಕಷ್ಟ ಶುರುವಾದದ್ದು 1980ರ ದಶಕದಲ್ಲಿ ಅವಶೇಷ ಪತ್ತೆಯಾದ ಮೇಲೆ. ಸರ್ಕಾರ ಸುತ್ತ ನೂರು ಮೀಟರ್ ವ್ಯಾಪ್ತಿಗೆ ಪ್ರವೇಶ ನಿಷೇಧಿಸಿತು, 1987ರಲ್ಲಿ ಸ್ವಲ್ಪ ಭಾಗದ ಉತ್ಖನನವೂ ನಡೆಯಿತು. ಆದರೆ ಸಮತಟ್ಟಾದ ತಳದಲ್ಲಿ ಎದ್ದು ನಿಂತ ಮರದ ಸುತ್ತ ಮೀನು ಸೇರುತ್ತದೆ, ಮೀನಿದ್ದಲ್ಲಿಗೆ ಹವ್ಯಾಸಿ ದೋಣಿಗಳು ಬರುತ್ತವೆ. ಲಂಗರು ಎಳೆಯುವಾಗ ಅದರ ಕೊಕ್ಕೆಗೆ ಸಿಕ್ಕ ಹಲಗೆ ಕಿತ್ತು ಬರುತ್ತದೆ, ಅದು ಕಿತ್ತ ಜಾಗದಲ್ಲಿ ಮರಳು ಕೊಚ್ಚಿಹೋಗಿ ಪಕ್ಕದ ಹಲಗೆ ಹುಳುವಿನ ಪಾಲಾಗುತ್ತದೆ. ಮುಂದಿನ ಎರಡು ದಶಕಗಳಲ್ಲಿ, ಕಾಗದದ ಮೇಲೆ ನಿಷೇಧವಿದ್ದಾಗಲೇ, ಅವಶೇಷ ಕಣ್ಣಿಗೆ ಕಾಣುವಂತೆ ಸವೆಯಿತು.

ಮೇಲೆತ್ತಬಹುದಿತ್ತಲ್ಲ ಎಂಬ ಪ್ರಶ್ನೆ ಸಹಜ. ಸ್ವೀಡನ್ನಿನ ‘ವಾಸಾ’ ಯುದ್ಧನೌಕೆಯನ್ನು 1961ರಲ್ಲಿ ಎತ್ತಿದ ಮೇಲೆ ಅದರ ಮರ ಬಿರಿಯದಂತೆ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಮೇಣದಂಥ ರಾಸಾಯನಿಕದ ದ್ರಾವಣವನ್ನು 17 ವರ್ಷ ಸಿಂಪಡಿಸಬೇಕಾಯಿತು, ಅದಕ್ಕೆಂದೇ ವಸ್ತುಸಂಗ್ರಹಾಲಯ ಕಟ್ಟಬೇಕಾಯಿತು. ರಾಜನ ನೌಕೆಗೆ ಅಷ್ಟು ಹಣ ಸುರಿದಂತೆ ಕುರಿ ಹೊರುವ ಸ್ಕೂನರ್‌ಗೆ ಯಾರೂ ಸುರಿಯುವುದಿಲ್ಲ. ಇದ್ದಲ್ಲೇ ಕಾಪಾಡುವುದನ್ನು ಮೊದಲ ಆಯ್ಕೆಯಾಗಿ ಪರಿಗಣಿಸಬೇಕೆಂದು ನೀರಡಿಯ ಪರಂಪರೆ ಕುರಿತ 2001ರ ಯುನೆಸ್ಕೊ ಒಡಂಬಡಿಕೆಯೂ ಹೇಳುತ್ತದೆ.

ವಿಶ್ವವಿದ್ಯಾಲಯಗಳು, ವಸ್ತುಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗಳು ಕೂಡಿ 2012ರಲ್ಲಿ ಕೈಗೊಂಡ ಕೆಲಸದ ಹಿಂದಿದ್ದುದು ಇದೇ ಲೆಕ್ಕಾಚಾರ. ಸಮುದ್ರದ ತಳಕ್ಕೆ ಕಾಲೂರಿ ನಿಲ್ಲುವ ತೇಲುವೇದಿಕೆಯೊಂದನ್ನು ಅವಶೇಷದ ಪಕ್ಕ ನಿಲ್ಲಿಸಿ, ಸಿಕ್ಕ ವಸ್ತುಗಳನ್ನು ಅದರ ಮೇಲೆಯೇ ಪರಿಶೀಲಿಸಿದರು. ದಾಖಲಾತಿ ಮುಗಿದ ವಸ್ತುಗಳು ಮತ್ತೆ ತಳ ಸೇರಿದವು. ಹಡಗಿನ ಮೇಲೆ ಮರಳಿನ ಚೀಲ, ನೆರಳುಬಲೆ, ದಪ್ಪ ಪಿವಿಸಿ ಟಾರ್ಪಾಲಿನ್ ಹೊದಿಸಿದರು.

ಜನರ ಹಣ ಖರ್ಚಾಗಿ ಜನರಿಗೆ ಕಾಣುವುದು ಏನೂ ಇಲ್ಲವೆಂಬ ಆಕ್ಷೇಪವನ್ನು ನಾನು ತಳ್ಳಿಹಾಕಲಾರೆ. ಆದರೂ ತೆರೆದಿಟ್ಟಿದ್ದರೆ ನೋಡಲು ಹಲಗೆಗಳೇ ಉಳಿಯುತ್ತಿರಲಿಲ್ಲ. ಟಾರ್ಪಾಲಿನ್ ಕೂಡ ಶಾಶ್ವತವಲ್ಲ. ಅದರ ಅಂಚು ಎದ್ದಿದೆಯೇ, ಅಡಿಯಲ್ಲಿ ಆಮ್ಲಜನಕ ಕಡಿಮೆಯಾಗಿಯೇ ಇದೆಯೇ ಎಂಬುದನ್ನು ಮುಳುಗುಗಾರರು ಆಗಾಗ ಇಳಿದು ನೋಡುತ್ತಿರಬೇಕು, ಅದಕ್ಕೆ ಯಾರಾದರೂ ಅನುದಾನ ಒದಗಿಸುತ್ತಲೇ ಇರಬೇಕು.