ಅಷ್ಟೇ ಜೋರಿನ ಏಟು

ಸೌತ್ ಎಂಡ್ ಸರ್ಕಲ್ ಹತ್ತಿರದ ಬಸ್ ನಿಲ್ದಾಣದಲ್ಲಿ ಮೊನ್ನೆ ಒಬ್ಬ ತಂದೆ ಮಗನ ಶಾಲಾ ಬ್ಯಾಗಿನ ಕಿತ್ತುಹೋದ ಪಟ್ಟಿಗೆ ಪಿನ್ನು ಚುಚ್ಚುತ್ತಿದ್ದರು. ಆರನೆಯದೋ ಏಳನೆಯದೋ ತರಗತಿಯ ಹುಡುಗ. "ನಾಳೆ ಅವ್ನು ಬ್ಯಾಗು ಎಳುದ್ರೆ ನೀನೂ ಎರಡು ಬಾರಿಸು, ಹೊಡೆಸ್ಕೊಂಡು ಮನೆಗೆ ಬರ್ಬೇಡ" ಎಂದರು. ಹುಡುಗ ಪಿನ್ನನ್ನೇ ನೋಡುತ್ತಿದ್ದ.

ಈ ಬುದ್ಧಿವಾದವನ್ನು ಕ್ರೌರ್ಯವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಮಗು ದಿನವೂ ಅಳುಮುಖ ಹೊತ್ತು ಬರುವುದನ್ನು ಕಂಡ ಯಾವ ತಂದೆಯ ಬಾಯಲ್ಲೂ ಮೊದಲು ಬರುವುದು ಇದೇ ಮಾತು. ಆದರೆ ಪಡೆದ ಏಟನ್ನು ಅಷ್ಟೇ ಜೋರಿನಲ್ಲಿ ಹಿಂದಿರುಗಿಸಿ ಲೆಕ್ಕ ಚುಕ್ತಾ ಮಾಡಬಹುದು ಎಂಬ ನಂಬಿಕೆಯೊಂದು ಅದರೊಳಗಿದೆ, ಮತ್ತು ಪ್ರಯೋಗಾಲಯದಲ್ಲಿ ಒರೆಗೆ ಹಚ್ಚಿದಾಗ ಆ ನಂಬಿಕೆ ನಿಂತಿಲ್ಲ.

2003ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ, ಒಬ್ಬರ ಬೆರಳನ್ನು ಇನ್ನೊಬ್ಬರು ಸರದಿಯಂತೆ ಒತ್ತುವ ವ್ಯವಸ್ಥೆ ಮಾಡಿದರು. ನಿಮ್ಮ ಬೆರಳಿನ ಮೇಲೆ ಎಷ್ಟು ಒತ್ತಡ ಬಿತ್ತೋ ಸರಿಯಾಗಿ ಅಷ್ಟನ್ನೇ ಹಿಂದಿರುಗಿಸಿ ಎಂದು ಇಬ್ಬರಿಗೂ ಹೇಳಲಾಗಿತ್ತು. ಎದುರಿನವರಿಗೂ ಇದೇ ಸೂಚನೆ ಸಿಕ್ಕಿದೆ ಎಂಬುದು ಮಾತ್ರ ಯಾರಿಗೂ ತಿಳಿದಿರಲಿಲ್ಲ. ಯಾರ ಮನಸ್ಸಿನಲ್ಲೂ ಸಿಟ್ಟಿರಲಿಲ್ಲ, ಸೇಡೂ ಇರಲಿಲ್ಲ. ಆದರೂ ಪ್ರತಿ ಸರದಿಗೂ ಒತ್ತಡ ಸರಾಸರಿ ಶೇ. 38ರಷ್ಟು ಏರುತ್ತ ಹೋಯಿತು. ಅದೇ ಗತಿಯಲ್ಲಿ ಲೆಕ್ಕ ಹಾಕಿದರೆ ಐದೇ ಸರದಿಗಳಲ್ಲಿ ಮೊದಲಿನ ಐದು ಪಟ್ಟು. ಕಾರಣ ಇಷ್ಟು: ನಮ್ಮದೇ ಕೈಯ ಚಲನೆಯಿಂದ ಉಂಟಾಗುವ ಸ್ಪರ್ಶವನ್ನು ಮಿದುಳು ಮೊದಲೇ ಊಹಿಸಿಕೊಂಡು ಅದರ ತೀವ್ರತೆಯನ್ನು ತಗ್ಗಿಸಿಬಿಡುತ್ತದೆ. ನಮಗೆ ನಾವೇ ಕಚಗುಳಿ ಇಟ್ಟುಕೊಳ್ಳಲಾಗದಿರುವುದೂ ಇದರಿಂದಲೇ. ತಿಂದ ಏಟು ಪೂರ್ತಿ ನಾಟುತ್ತದೆ, ಕೊಟ್ಟ ಏಟು ಹಗುರವೆನಿಸುತ್ತದೆ. ಜಗಳವಾಡಿದ ಇಬ್ಬರು ಮಕ್ಕಳೂ "ಅವನೇ ಜೋರಾಗಿ ಹೊಡೆದಿದ್ದು" ಎಂದು ಅಳುವಾಗ ಇಬ್ಬರೂ ಸುಳ್ಳು ಹೇಳುತ್ತಿರಬೇಕಾಗಿಲ್ಲ.

ಇದು ಸಮಬಲರ ಮಾತಾಯಿತು. ಶಾಲೆಯ ಪೀಡನೆಯಲ್ಲಿ ಆ ಸಮಬಲವೂ ಇರುವುದಿಲ್ಲ. 1970ರ ದಶಕದಿಂದ ಈ ವಿಷಯವನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್ ಅದಕ್ಕೆ ಮೂರು ಗುರುತು ಹೇಳಿದರು: ನೋಯಿಸುವ ಉದ್ದೇಶ, ಮತ್ತೆ ಮತ್ತೆ ನಡೆಯುವುದು, ಬಲದಲ್ಲಿ ಅಂತರ. ನಮ್ಮ ಕಡೆಯ 'ಗೋಳು ಹೊಯ್ದುಕೊಳ್ಳುವುದು' ಎಂಬ ಮಾತಿನಲ್ಲಿ ಈ ಮೂರೂ ಅಡಗಿವೆ ಎಂದು ನನಗನ್ನಿಸುತ್ತದೆ. 'ಕೀಟಲೆ' ಎಂದರೆ ವಿಷಯ ತೀರಾ ತೆಳುವಾಗಿಬಿಡುತ್ತದೆ. ಬಲದ ಅಂತರವಿರುವಲ್ಲಿ ತಿರುಗಿ ಹೊಡೆಯುವ ಮಗುವಿಗೆ ಸಾಮಾನ್ಯವಾಗಿ ಇನ್ನಷ್ಟು ಏಟು ಬೀಳುತ್ತದೆ, ಜೊತೆಗೆ ಟೀಚರ್ ಕಣ್ಣಿಗೆ ಬೀಳುವುದು ಎರಡನೆಯ ಏಟೇ. ಅಮೆರಿಕದಲ್ಲಿ ಎಲ್‌ಕೆಜಿ-ಯುಕೆಜಿ ವಯಸ್ಸಿನ ಮಕ್ಕಳ ಮೇಲೆ ನಡೆದ, 1997ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತಿರುಗಿ ಬೀಳುತ್ತಿದ್ದ ಹುಡುಗರ ಮೇಲಿನ ಪೀಡನೆ ಮುಂದುವರಿಯುವ ಸಂಭವ ಹೆಚ್ಚಿತ್ತು. ಗೆಳೆಯನ ನೆರವು ಪಡೆದವರ ವಿಷಯದಲ್ಲಿ ಅದು ಇಳಿದಿತ್ತು. ಹೆಚ್ಚು ಪೀಡನೆಗೆ ಸಿಕ್ಕವರೇ ಹೆಚ್ಚು ತಿರುಗಿಬಿದ್ದಿರಲೂಬಹುದು, ಹಾಗಾಗಿ ಇದನ್ನು ಕಟ್ಟಕಡೆಯ ತೀರ್ಪೆಂದು ನಾನು ಎಣಿಸುವುದಿಲ್ಲ. ಕುತ್ತಿಗೆಗೆ ಕೈಹಾಕಿದವನನ್ನು ತಳ್ಳಿ ಓಡುವುದಂತೂ ಬೇರೆಯೇ ವಿಷಯ, ಅದು ಪ್ರಾಣರಕ್ಷಣೆ. ಆದರೆ ಪೀಡನೆಗೆ ಗುರಿಯಾಗುತ್ತಲೇ ತಾವೂ ಇತರರನ್ನು ಪೀಡಿಸುವ ಮಕ್ಕಳ ಸ್ಥಿತಿ ಎಲ್ಲರಿಗಿಂತ ಕೆಟ್ಟದ್ದೆಂದು ಹಲವು ಅಧ್ಯಯನಗಳು ಕಂಡುಕೊಂಡಿವೆ. 1,420 ಮಕ್ಕಳನ್ನು ಪ್ರಾಯಕ್ಕೆ ಬರುವವರೆಗೂ ಹಿಂಬಾಲಿಸಿ 2013ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಈ ಗುಂಪಿನವರಲ್ಲೇ ಖಿನ್ನತೆ, ತೀವ್ರ ಆತಂಕಗಳು ಎದ್ದು ಕಂಡವು.

ಹಾಗಾದರೆ ಸುಮ್ಮನಿರಬೇಕೆ? ನಾವು ಹೊಡೆಯುವವನನ್ನೂ ಹೊಡೆಸಿಕೊಳ್ಳುವವನನ್ನೂ ಮಾತ್ರ ನೋಡುತ್ತಿರುವುದರಿಂದ ಈ ಪ್ರಶ್ನೆ ಏಳುತ್ತದೆ. ಟೊರಾಂಟೊದ ಶಾಲಾ ಮೈದಾನಗಳಲ್ಲಿ ಚಿತ್ರೀಕರಿಸಿದ ದೃಶ್ಯಗಳನ್ನು ವಿಶ್ಲೇಷಿಸಿದವರು 2001ರಲ್ಲಿ ಹೇಳಿದ್ದು ಬೇರೆಯೇ: ಪೀಡನೆಯ ಪ್ರಸಂಗಗಳಲ್ಲಿ ಶೇ. 88ರಲ್ಲಿ ಬೇರೆ ಮಕ್ಕಳು ಸುತ್ತ ನಿಂತಿದ್ದರು, ಅವರು ಮಧ್ಯೆ ಬಂದದ್ದು ಶೇ. 19ರಲ್ಲಿ ಮಾತ್ರ. ಹಾಗೆ ಮಧ್ಯೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ ಪೀಡನೆ ಹತ್ತು ಸೆಕೆಂಡಿನೊಳಗೆ ನಿಂತುಹೋಯಿತು. ಫಿನ್ಲೆಂಡಿನ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನಾ ಸಾಲ್ಮಿವಾಲಿ 1996ರಲ್ಲೇ ಸುತ್ತ ನಿಂತವರ ಪಾತ್ರಗಳನ್ನು ವಿಂಗಡಿಸಿದ್ದರು: ಕೈಜೋಡಿಸುವವರು, ನಕ್ಕು ಹುರಿದುಂಬಿಸುವವರು, ದೂರ ಸರಿಯುವವರು, ಪರ ನಿಲ್ಲುವವರು. ಶಾಲೆಗಳಲ್ಲಿ ಪೀಡನೆ ತಡೆಯಲೆಂದೇ ರೂಪಿಸಿದ ಆ ದೇಶದ 'ಕಿವಾ' ಕಾರ್ಯಕ್ರಮ ತಿದ್ದಲು ಹೊರಟಿದ್ದು ಮುಖ್ಯವಾಗಿ ಈ ಪ್ರೇಕ್ಷಕರನ್ನು, ಪೀಡನೆ ಇಳಿದದ್ದೂ ಅಲ್ಲಿನ ಪ್ರಯೋಗಗಳಲ್ಲಿ ಕಂಡುಬಂದಿದೆ. ಪೀಡಕನಿಗೆ ಬೇಕಾದದ್ದು ಬ್ಯಾಗಲ್ಲ, ಬ್ಯಾಗು ಎಳೆದಾಗ ನಗುವ ನಾಲ್ಕು ಮಂದಿ.

ಬಸ್ ನಿಲ್ದಾಣದ ಆ ಹುಡುಗನಿಗೆ ಇದು ಯಾವ ಅಧ್ಯಯನವಿಲ್ಲದೆಯೇ ಗೊತ್ತಿತ್ತು. ಪಿನ್ನು ಕೂತ ಮೇಲೆ ಬ್ಯಾಗನ್ನು ಹೆಗಲಿಗೇರಿಸಿಕೊಳ್ಳುತ್ತ ಅವನು ಕೇಳಿದ್ದು ಒಂದೇ: "ಅವನೊಬ್ನೇ ಇರಲ್ವಲ್ಲ ಅಪ್ಪಾ, ಮಿಕ್ಕೋರೂ ಇರ್ತಾರಲ್ಲ?" ಅಷ್ಟರಲ್ಲಿ ಬನಶಂಕರಿ ಬಸ್ಸು ಬಂತು. ಇಬ್ಬರೂ ಹತ್ತಿಕೊಂಡರು.