ಗಂಜಿ ಚಮಚದಲ್ಲಿ ನಿಲ್ಲಬೇಕು

ಕಡಿಮೆ ಆದಾಯದ ಮನೆಗಳಿಗೆ ಊಟದ ಸಲಹೆ ಕೊಡುವ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆಯೇ ಸರಿ ಇರಲಿಲ್ಲ. 'ಮಗುವಿಗೆ ಏನೇನು ಕೊಡ್ತೀರಮ್ಮ?' ಅಂತ ಕೇಳುತ್ತಿದ್ದೆ. ಬೇಳೆ, ಸೊಪ್ಪು, ಮೊಟ್ಟೆ ಎಲ್ಲವನ್ನೂ ಹೇಳುತ್ತಿದ್ದರು. ಯಾವ ತಾಯಿ ತಾನೇ ಹೊರಗಿನವರ ಮುಂದೆ 'ಏನೂ ಇಲ್ಲ' ಅಂತಾಳೆ?

ಈಗ ಬೇರೆ ಕೇಳುತ್ತೇನೆ. 'ಈ ಸಲದ ದಿನಸಿ ಎಷ್ಟು ದಿನಕ್ಕೆ ಬಂತು?' ಆಗ ನಿಜ ಹೊರಗೆ ಬರುತ್ತದೆ. ದಿನಸಿ ಮುಗಿಯುತ್ತಾ ಬಂದ ಹಾಗೆ ಗಂಜಿಗೆ ನೀರು ಜಾಸ್ತಿಯಾಗುತ್ತದೆ. ಬಟ್ಟಲು ತುಂಬಿರುತ್ತದೆ, ಮಗು ಕುಡಿದು ಮಲಗುತ್ತದೆ. ತೂಕ ಮಾತ್ರ ಏರುವುದಿಲ್ಲ.

6 ತಿಂಗಳು ತುಂಬುವವರೆಗೆ ತಾಯಿ ಹಾಲೊಂದೇ ಸಾಕು. ಆಮೇಲೆ ಹಾಲಿನ ಜೊತೆ ಊಟವೂ ಬೇಕು. 8 ತಿಂಗಳವರೆಗೆ ದಿನಕ್ಕೆ 2–3 ಸಲ, 9ರಿಂದ 3–4 ಸಲ. ಆದರೆ ಆ ವಯಸ್ಸಿನ ಹೊಟ್ಟೆ ತುಂಬಾ ಚಿಕ್ಕದು. ನೀರೇ ಜಾಗ ಹಿಡಿದರೆ ಊಟಕ್ಕೆ ಜಾಗ ಎಲ್ಲಿ? ಅದಕ್ಕೇ ಚಮಚ ಓರೆ ಮಾಡಿ ತೋರಿಸುತ್ತೇನೆ. ಗಂಜಿ ಸುರಿದು ಹೋಗಬಾರದು, ನಿಲ್ಲಬೇಕು. ಒಂದು ಸಣ್ಣ ಚಮಚ ಎಣ್ಣೆ ಬೆರೆಸಿದರೆ ಸುಮಾರು 40 ಕ್ಯಾಲರಿ ಹೆಚ್ಚು ಸಿಗುತ್ತದೆ. ಸೊಪ್ಪಿನಲ್ಲಿರುವ ವಿಟಮಿನ್ ಎ ಮೈಗೆ ಹತ್ತುವುದಕ್ಕೂ ಎಣ್ಣೆ ಬೇಕು.

'ಗಟ್ಟಿ ಮಾಡಿದ್ರೆ ಹಿಟ್ಟು ಬೇಗ ಮುಗಿಯುತ್ತಲ್ವಾ?' ಅಂತ ತಾಯಂದಿರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನೆರವಿನ ದಿನಸಿ ಚೀಲ ಬಂದ ದಿನವೇ ಮಗುವಿನ ಪಾಲಿನ ಹಿಟ್ಟು, ಕಾಳು, ಎಣ್ಣೆ ಬೇರೆ ಡಬ್ಬಿಗೆ ತೆಗೆದಿಡಿ ಅನ್ನುತ್ತೇನೆ. ಮಗುವಿನ ಪಾಲು ಸಣ್ಣದು, ಮೊದಲೇ ತೆಗೆದಿಟ್ಟರೆ ಉಳಿಯುತ್ತದೆ. ಕಾಳನ್ನು ಮೊದಲ ವಾರವೇ ಮುಗಿಸದೆ ದಿನಾ ಒಂದು ಹಿಡಿ ಬಳಸುವುದು ಒಳ್ಳೆಯದು. ಧಾನ್ಯದ ಪ್ರೋಟೀನಿನಲ್ಲಿ ಮೈಗೆ ಬೇಕಾದ ಲೈಸಿನ್ ಎಂಬ ಅಂಶ ಕಡಿಮೆ, ಕಾಳಿನಲ್ಲಿ ಅದು ಚೆನ್ನಾಗಿದೆ. ಎರಡೂ ಕೂಡಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ರಾತ್ರಿ ನೆನೆಹಾಕಿದರೆ ಕಾಳು ಬೇಗ ಬೇಯುತ್ತದೆ, ಉರುವಲೂ ಉಳಿಯುತ್ತದೆ.

ದೊಡ್ಡವರಿಗೆ ಒಂದೇ ಮಾತು: ಊಟದ ಜೊತೆಗೇ ಟೀ ಬೇಡ. ಕಾಳು, ಸೊಪ್ಪಿನ ಕಬ್ಬಿಣಾಂಶ ಮೈಗೆ ಸೇರಲು ಅದು ಬಿಡುವುದಿಲ್ಲ.

ಸಲಹೆ ಕೊಡಲು ಹೋದಾಗ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು ಅಂತಲೂ ಕೇಳಿ. ಹಾಲೂಡಿಸುವ ತಾಯಿಯೇ ಆಗಿದ್ದರೆ ಮನೆಯವರೆಲ್ಲರನ್ನೂ ಕೂರಿಸಿ ಮಾತಾಡಿ. ಅವಳೊಬ್ಬಳಿಗೆ ಹೇಳಿ ಪ್ರಯೋಜನ ಇಲ್ಲ. ಅವಳಿಗೆ ಗೊತ್ತಿಲ್ಲದೆ ಹಾಗೆ ಮಾಡುತ್ತಿಲ್ಲ.

ನೆರವು ಹಂಚುವವರಿಗೂ ಒಂದು ಮಾತು. ಚೀಲದ ತೂಕ ಧಾನ್ಯದಿಂದಲೇ ತುಂಬಬೇಡಿ. ಕಾಳು, ಎಣ್ಣೆ ಇಲ್ಲದಿದ್ದರೆ ನಾನು ಏನನ್ನು ಬೆರೆಸಿ ಅಂತ ಹೇಳಲಿ?

ಈ ಕೆಲಸಕ್ಕೆ ಬರುವ ಹೊಸಬರು ತೋಳು ಅಳೆಯುವ ಪಟ್ಟಿ ಮಾತ್ರ ಮರೆಯಬೇಡಿ. 6 ತಿಂಗಳಿಂದ 5 ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 125 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ಆ ಮನೆಗೆ ಹೆಚ್ಚಿನ ಆಹಾರ ಕೊಡಿಸಿ. 115ಕ್ಕಿಂತ ಕಡಿಮೆ ಇದ್ದರೆ ಪಾಠ ಅಲ್ಲಿಗೇ ನಿಲ್ಲಿಸಿ, ಅವತ್ತೇ ಚಿಕಿತ್ಸೆಗೆ ಕರೆದುಕೊಂಡು ಹೋಗಿ.