ನಾಯಿಯ ಮೈಯಿಂದ ಚಿಗಟ ಹೋಯ್ತು, ಮನೆಯಿಂದ?

"ಡಾಕ್ಟ್ರೇ, ನೀವು ಕೊಟ್ಟ ಔಷಧಿ ಹಾಕಿ ಹದಿನೈದು ದಿನ ಆಯ್ತು. ಮತ್ತೆ ಚಿಗಟ ಕಾಣಿಸ್ತಿದೆ."

ಮಳೆಗಾಲ ಶುರುವಾದರೆ ಸಾಕು, ಇಂಥ ಫೋನುಗಳು ಬರುತ್ತಲೇ ಇರುತ್ತವೆ. ದನಿಯಲ್ಲಿ ಬೇಸರ ಇರುತ್ತದೆ. ಇರದೆ ಏನು? ಮಕ್ಕಳ ಕಾಲ ತುಂಬಾ ಕೆಂಪು ಗುಳ್ಳೆ, ನಾಯಿ ರಾತ್ರಿಯಿಡೀ ಪರಪರ ಕೆರೆದುಕೊಳ್ಳುತ್ತದೆ, ಯಾರಿಗೂ ನಿದ್ದೆ ಇಲ್ಲ. ಹೆಚ್ಚಿನವರು ಇದೇ ಹಂತದಲ್ಲಿ ಔಷಧಿ ಬದಲಿಸುತ್ತಾರೆ, ಇಲ್ಲವೇ ಕೈಬಿಡುತ್ತಾರೆ. ಎರಡೂ ಬೇಡ ಅಂತ ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಅದು ಚಿಗಟವೇ ಅಂತ ಖಾತ್ರಿ ಮಾಡಿಕೊಳ್ಳಿ. ಉಣ್ಣೆ ಬೇರೆ, ಚಿಗಟ ಬೇರೆ. ಉಣ್ಣೆ ಚರ್ಮಕ್ಕೆ ಕಚ್ಚಿಕೊಂಡು ಹರಳಿನ ಬೀಜದ ಹಾಗೆ ಊದುತ್ತದೆ. ಚಿಗಟ ಕಚ್ಚಿಕೊಂಡು ಕೂರುವುದಿಲ್ಲ, ಕೂದಲ ಸಂದಿಯಲ್ಲಿ ಸರಸರ ಓಡುತ್ತದೆ, ಹಿಡಿಯಲು ಹೋದರೆ ಹಾರುತ್ತದೆ. ಬೆಕ್ಕುಗಳಂತೂ ಮೈ ನೆಕ್ಕಿ ನೆಕ್ಕಿ ಚಿಗಟವನ್ನೇ ನುಂಗಿಬಿಡುತ್ತವೆ, ಹುಡುಕಿದರೂ ಒಂದೂ ಸಿಗದಿರಬಹುದು. ಮೊನ್ನೆ ವಯಸ್ಸಾದ ಅಮ್ಮ ಒಬ್ಬರು ತಮ್ಮ ಬೆಕ್ಕನ್ನು ಬುಟ್ಟಿಯಲ್ಲಿ ತಂದಿದ್ದರು. "ಚಿಗಟ ಗಿಗಟ ಏನೂ ಇಲ್ಲಪ್ಪ, ಬರೀ ಮಣ್ಣು" ಅಂದರು. ಹೇನು ತೆಗೆಯುವ ಸೀರಣಿಗೆಯಿಂದ ಬಾಲದ ಬುಡದಲ್ಲಿ ಬಾಚಿದೆ. ಕರಿಮೆಣಸಿನ ಪುಡಿಯಂಥ ಕಣಗಳು ಉದುರಿದವು. ಅವನ್ನು ಒದ್ದೆ ಹತ್ತಿಯ ಮೇಲೆ ಹಾಕಿ ಅವರ ಕೈಗೇ ಕೊಟ್ಟೆ. ಒಂದು ನಿಮಿಷದಲ್ಲಿ ಒಂದೊಂದು ಕಣದ ಸುತ್ತಲೂ ಇಟ್ಟಿಗೆ ಬಣ್ಣದ ಕಲೆ ಹರಡಿತು. ಅದು ಚಿಗಟದ ಹಿಕ್ಕೆ. ಬೆಕ್ಕಿನ ರಕ್ತವನ್ನೇ ಕುಡಿದು ಹಾಕಿದ್ದು. ಮಣ್ಣಾಗಿದ್ದರೆ ಕೆಂಪು ಬಿಡುತ್ತಿರಲಿಲ್ಲ.

ನಿಜವಾದ ತೊಂದರೆ ಇರುವುದು ನೆಲದಲ್ಲಿ. ಒಂದು ಹೆಣ್ಣು ಚಿಗಟ ದಿನಕ್ಕೆ 40ರಿಂದ 50 ಮೊಟ್ಟೆ ಇಡಬಲ್ಲದು. ಆ ಮೊಟ್ಟೆ ಕೂದಲಿಗೆ ಅಂಟುವುದಿಲ್ಲ. ಪುಡಿ ಉಪ್ಪಿನ ಹಾಗೆ ಜಾರಿ, ನಾಯಿ ಮಲಗಿದ ಕಡೆಯೆಲ್ಲ ಉದುರುತ್ತದೆ. ಜೊತೆಗೆ ಆ ಕಪ್ಪು ಹಿಕ್ಕೆಯೂ ಉದುರುತ್ತದೆ. ಮೊಟ್ಟೆಯೊಡೆದ ಮರಿಹುಳಕ್ಕೆ ಅದೇ ಊಟ. ಬೆಳಕು ಕಂಡರೆ ಆಗದ ಈ ಹುಳ ಜಮಖಾನದ ಅಡಿಗೆ, ಸೋಫಾದ ಸಂದಿಗೆ, ನೆಲದ ಬಿರುಕಿಗೆ ಸೇರಿಕೊಳ್ಳುತ್ತದೆ. ತೇವ ಇದ್ದರೆ ಚೆನ್ನಾಗಿ ಬೆಳೆಯುತ್ತದೆ. ಮಳೆಗಾಲದಲ್ಲಿ ಜಾಸ್ತಿ ಆಗುವುದು ಇದಕ್ಕೇ.

ಆಮೇಲೆ ಆ ಹುಳ ರೇಷ್ಮೆಹುಳದ ಹಾಗೇ ಗೂಡು ಕಟ್ಟುತ್ತದೆ. ಗೂಡು ಅಂಟಂಟು. ಮೇಲೆಲ್ಲ ಧೂಳು ಮೆತ್ತಿಕೊಂಡು ಕಸದ ಚೂರಿನಂತೆ ಕಾಣುತ್ತದೆ. ಅದರೊಳಕ್ಕೆ ನಾವು ಹೊಡೆಯುವ ಔಷಧಿ ಸರಿಯಾಗಿ ಇಳಿಯುವುದಿಲ್ಲ. ಒಳಗಿನ ಚಿಗಟ ಬೇಕಾದರೆ ವಾರದಲ್ಲಿ ಹೊರಬರುತ್ತದೆ, ಇಲ್ಲದಿದ್ದರೆ ತಿಂಗಳುಗಟ್ಟಲೆ ಕಾಯುತ್ತದೆ. ಹೆಜ್ಜೆಯ ಅದುರು, ಮೈಯ ಬಿಸಿ, ಉಸಿರು ತಾಕಿದರೆ ತಟ್ಟನೆ ಹೊರಬೀಳುತ್ತದೆ. ಬೇಸಿಗೆ ರಜೆ ಮುಗಿಸಿ, ಒಂದು ತಿಂಗಳು ಬೀಗ ಹಾಕಿದ್ದ ಮನೆಗೆ ಕಾಲಿಟ್ಟ ಕೂಡಲೇ ಮೊಣಕಾಲವರೆಗೆ ಚಿಗಟ ಹತ್ತಿತು ಅಂತ ಹೇಳುವವರಿದ್ದಾರೆ. ಅದು ಹೊರಗಿಂದ ಬಂದದ್ದಲ್ಲ, ಒಳಗೇ ಕಾದಿದ್ದದ್ದು. ಹದಿನೈದನೇ ದಿನ ನೀವು ನೋಡಿದ ಚಿಗಟವೂ ಹೆಚ್ಚಾಗಿ ಇಂಥದ್ದೇ, ಗೂಡಿನಿಂದ ಹೊಸದಾಗಿ ಎದ್ದದ್ದು.

ಹಾಗಾಗಿ ಔಷಧಿಯನ್ನು ಕನಿಷ್ಠ ಮೂರು ತಿಂಗಳು, ತಾರೀಖು ತಪ್ಪದೆ ಮುಂದುವರಿಸಿ. ಕತ್ತಿನ ಹಿಂದೆ ಹಾಕುವ ಹನಿಯೋ, ಮಾತ್ರೆಯೋ ಎಂಬುದನ್ನು ತೂಕ, ವಯಸ್ಸು ನೋಡಿ ವೈದ್ಯರು ಹೇಳಲಿ. ಮನೆಯಲ್ಲಿ ಎರಡು ನಾಯಿ, ಒಂದು ಬೆಕ್ಕು ಇದ್ದರೆ ಮೂರಕ್ಕೂ ಒಂದೇ ದಿನ ಆಗಬೇಕು. ಕೆರೆದುಕೊಳ್ಳುವ ಒಂದಕ್ಕೆ ಮಾತ್ರ ಹಾಕಿದರೆ ಸುಮ್ನೆ ದುಡ್ಡು ದಂಡ.

ಇನ್ನೊಂದು ಮಾತು. ಚಿಗಟ ಆಗಿದೆ ಅಂತ ನಾಯಿಯನ್ನು ಹೊರಗೆ ಕಟ್ಟಬೇಡಿ. ಔಷಧಿ ಹಾಕಿದ ನಾಯಿ ಎಂದಿನಂತೆ ಮನೆಯೊಳಗೆ ಓಡಾಡಲಿ. ಗೂಡಿನಿಂದ ಎದ್ದ ಚಿಗಟ ಅದರ ಮೈ ಹತ್ತಿ ಸಾಯುತ್ತದೆ. ನಾಯಿ ಇಲ್ಲದಿದ್ದರೆ ನಿಮ್ಮ ಕಾಲೇ ಗತಿ, ಅಲ್ವಾ?

ನೆಲವನ್ನು ದಿನಾ ಗುಡಿಸಿ. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಇನ್ನೂ ಒಳ್ಳೆಯದು. ಅದರ ಅದುರಿಗೆ ಗೂಡಿನ ಚಿಗಟ ಬೇಗ ಹೊರಬರುತ್ತದೆ. ಕಸವನ್ನು ಆಗಲೇ ಚೀಲದಲ್ಲಿ ಕಟ್ಟಿ ಆಚೆ ಹಾಕಿ. ನಾಯಿ ಮಲಗುವ ಗೋಣಿಚೀಲ, ಹಳೇ ಬೆಡ್‌ಶೀಟು ವಾರಕ್ಕೊಮ್ಮೆ ಬಿಸಿನೀರು ಕಾಣಲಿ, ಆಮೇಲೆ ಕಡು ಬಿಸಿಲಿಗೆ ಹರವಿ. ಸೀರಣಿಗೆಯಲ್ಲಿ ಸಿಕ್ಕ ಚಿಗಟವನ್ನು ಸೋಪಿನ ನೀರಿಗೆ ಅದ್ದಿ, ಮುಳುಗಿ ಸಾಯುತ್ತದೆ. ತೀರಾ ಎಳೆಯ ಮರಿಗಳಿಗೆ ಹೆಚ್ಚಿನ ಔಷಧಿಗಳು ಆಗುವುದಿಲ್ಲ, ಅವಕ್ಕೆ ಬಾಚುವುದೇ ದಾರಿ. ಆದರೆ ತಡ ಮಾಡಬೇಡಿ. ಚಿಗಟ ಜಾಸ್ತಿಯಾದರೆ ಎಳೆ ಮರಿ ರಕ್ತ ಕಮ್ಮಿಯಾಗಿ ಸಾಯಲೂಬಹುದು. ಒಸಡು ಬಿಳಚಿಕೊಂಡಿದ್ದರೆ ಆವತ್ತೇ ಕರೆತನ್ನಿ.

ಮೈಗೆ ಸೀಮೆಎಣ್ಣೆ ಹಚ್ಚಬೇಡಿ, ಹೊಲದ ಕೀಟನಾಶಕದ ಪುಡಿ ಉದುರಿಸಬೇಡಿ. ಚರ್ಮ ಸುಡುತ್ತದೆ, ನೆಕ್ಕಿದರೆ ವಿಷ. ನಾಯಿಗೆಂದು ತಂದದ್ದನ್ನು ಬೆಕ್ಕಿಗೆ ಎರಡು ಹನಿ ಹಾಕುವುದಂತೂ ಬೇಡವೇ ಬೇಡ. ಅದರಲ್ಲಿ ಪರ್ಮೆತ್ರಿನ್ ಅನ್ನುವ ಕೀಟನಾಶಕ ಇದ್ದರೆ ಬೆಕ್ಕಿಗೆ ನಡುಕ, ಫಿಟ್ಸ್ ಬಂದು ಜೀವಕ್ಕೇ ಕುತ್ತು. ಗೊತ್ತಿಲ್ಲದೆ ಹಾಕಿದ್ದರೆ ಪಾತ್ರೆ ತೊಳೆಯುವ ಸೋಪು, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಕೂಡಲೇ ಆಸ್ಪತ್ರೆಗೆ ತನ್ನಿ, ಪ್ಯಾಕೆಟ್ಟನ್ನೂ ತನ್ನಿ.

ಹಾಗೇ ಬಾಲದ ಕೆಳಗೆ, ಮಲದಲ್ಲಿ ಅಕ್ಕಿಕಾಳಿನಂಥದ್ದು ಕಂಡರೆ ಅದು ಲಾಡಿಹುಳದ ತುಂಡು. ಚಿಗಟ ನುಂಗಿದ ನಾಯಿ, ಬೆಕ್ಕಿಗೆ ಅದು ಬರುತ್ತದೆ. ಜಂತುಹುಳದ ಔಷಧಿಯನ್ನೂ ಕೇಳಿ ಪಡೆಯಿರಿ.